ರೈಲಿಗೆ ಓಲ್ಡಾನ್ ಎಂದವರು

ಬಸ್ಸಿನ ಊರಿನಲ್ಲಿ ಹುಟ್ಟಿದವರು ರೈಲು ಹತ್ತಬಾರದೆಂದು ನಾನು ಹೇಳುವುದಿಲ್ಲ. ಹತ್ತಲಿ, ಆದರೆ ಹತ್ತಿದ ಮೇಲೆ ತಮ್ಮ ಊರು ಬರುವ ತನಕ ಕೂತ ಜಾಗ ಬಿಟ್ಟು ಏಳಬಾರದು. ಆಗಿನ ಮಧುಗಿರಿಯಲ್ಲಿ ನಮಗೆ ಗೊತ್ತಿದ್ದ ವಾಹನವೆಂದರೆ ಸಿರಾಕ್ಕೆ ಹೋಗುವ ಬಸ್ಸು. ಸೀಟಿನ ಮೇಲೆ ಟವೆಲ್ ಹಾಕಿ ಹೋಟೆಲಿಗೆ ಹೋದರೆ ಟವೆಲಿನ ಯಜಮಾನ ಬರುವ ತನಕ ಅದು ಹೊರಡುತ್ತಿರಲಿಲ್ಲ. ಒಂದು ವೇಳೆ ಹೊರಟರೂ ಹಿಂದೆ ಓಡಿ ತಗಡಿನ ಮೇಲೆ ಎರಡು ಏಟು ಬಡಿದರೆ ಸಾಕು, ಕಂಡಕ್ಟರ್ "ಓಲ್ಡಾನ್" ಎಂದು ಕೂಗುತ್ತಿದ್ದ. ಡ್ರೈವರ್ ಸಾಬರು ಬಸ್ಸು ನಿಲ್ಲಿಸಿ, "ಆರಾಮಾಗಿ ಬರ್ರೀ, ನಮಗೇನು ಜಲ್ದಿ ಇಲ್ಲ" ಎನ್ನುತ್ತಿದ್ದರು. ವ್ಯಂಗ್ಯವಾಗಿ ಹೇಳುತ್ತಿದ್ದರೋ ಏನೋ, ನಾವಂತೂ ಅದನ್ನು ಮರ್ಯಾದೆ ಎಂದೇ ತಿಳಿದಿದ್ದೆವು.

ನನ್ನ ತಂಗಿ ಗೌರಿಯ ಗಂಡ ದೂರದ ಉತ್ತರದ ಒಂದು ಸಣ್ಣ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಆದರೆ ಗೌರಿ ಪ್ರಯಾಣ ಮಾಡಕೂಡದು ಎಂದು ಅಲ್ಲಿನ ಡಾಕ್ಟರು ಹೇಳಿದರಂತೆ. "ಅವಳು ಬರಾಕಾಗ್ದಿದ್ರೆ ನಾನೇ ಹೋಯ್ತೀನಿ ಬುಡು. ಮಗೀಗೆ ಮೊದಲ್ನೇ ನೀರು ನಾನೇ ಹುಯ್ಬೇಕು" ಎಂದಳು ಅವ್ವ. ಬೆಳ್ಳುಳ್ಳಿ, ಮೆಣಸು, ರಾಗಿಹಿಟ್ಟು, ಸಾಂಬ್ರಾಣಿ, ತುಪ್ಪದ ಡಬ್ಬ ಎಂದು ತವರುಮನೆಯನ್ನೇ ಗಂಟು ಕಟ್ಟಿದಳು. ಮನೆಯಲ್ಲಿ ಹಿಂದಿ ಪರೀಕ್ಷೆ ಪಾಸಾದವನು ನಾನೊಬ್ಬನೇ ಎಂದು ನನ್ನನ್ನು ಜೊತೆಗೆ ಕಳಿಸಿದರು. ಪರೀಕ್ಷೆಯಲ್ಲಿ ಯಾರೂ ಎದುರು ಮಾತಾಡುವುದಿಲ್ಲ ಎಂಬುದು ಮನೆಯವರಿಗೆ ಗೊತ್ತಿರಲಿಲ್ಲ.

ದೊಡ್ಡ ರೈಲುಗಳನ್ನೆಲ್ಲ ಬದಲಾಯಿಸಿ ಕೊನೆಗೆ ಪ್ಯಾಸೆಂಜರ್ ಹತ್ತಿದೆವು. ಆ ಊರಿನಲ್ಲಿ ನಿಲ್ಲುವುದು ಅದೊಂದೇ, ಅದೂ ದಿನಕ್ಕೊಮ್ಮೆ. ಕಂಡ ಕಂಡಲ್ಲಿ ನಿಲ್ಲುವ ಅದರ ಗುಣ ನೋಡಿ, "ನಮ್ ಬಸ್ ಇದ್ದಂಗೇ ಐತೆ ಕಣ್ಲಾ" ಎಂದು ಅವ್ವ ಖುಷಿಪಟ್ಟಳು. ಆ ಮಾತೇ ನಮ್ಮನ್ನು ಕೆಡಿಸಿತು. ಒಂದು ಸ್ಟೇಷನ್ನಿನಲ್ಲಿ ಎಂಜಿನ್ ನೀರು ಕುಡಿಯುತ್ತಿತ್ತು. ನನಗೂ ಚಹಾ ಕುಡಿಯುವ ಮನಸ್ಸಾಯಿತು. ಸೀಟಿನ ಮೇಲೆ ಟವೆಲ್ ಹಾಕಿ ಇಳಿದೆ. ಪ್ಲಾಟ್‌ಫಾರ್ಮಿನಲ್ಲಿದ್ದ ಗಾರ್ಡಿಗೆ ಈಗ ಬಂದೆ ಎಂದು ನನ್ನ ಹಿಂದಿಯಲ್ಲಿ ತಿಳಿಸಿದೆ. ಆತ ತಲೆಯಾಡಿಸಿದ. ಚಹಾ ಕೈಗೆ ಬರುವಷ್ಟರಲ್ಲಿ ರೈಲು ಹೊರಟೇಬಿಟ್ಟಿತು. ನಾನು ಓಡಿಹೋಗಿ ಡಬ್ಬಿಯ ಮೈಮೇಲೆ ಡಬಡಬ ಬಡಿದೆ. ಮುಂದಿನ ಕಿಟಕಿಯಿಂದ ಅವ್ವ, "ಓಲ್ಡಾನ್! ಓಲ್ಡಾನ್! ನನ್ ಮಗ ಕೆಳಗವ್ನೆ!" ಎಂದು ಅರಚುತ್ತಿದ್ದಳು. ರೈಲು ಎರಡನ್ನೂ ಲೆಕ್ಕಿಸಲಿಲ್ಲ. ಕೊನೆಯ ಡಬ್ಬಿ ಬಂದಾಗ ಗಾರ್ಡ್ ನನ್ನ ಅಂಗಿ ಹಿಡಿದು ಒಳಕ್ಕೆ ಎಳೆದುಕೊಂಡ. ಮುಂದಿನ ಸ್ಟೇಷನ್ ಬರುವ ತನಕ ಬೈದ. ಅದರಲ್ಲಿ ನನಗೆ ಅರ್ಥವಾದದ್ದು ಸ್ವಲ್ಪ, ಅಷ್ಟೇ ಸಾಕಾಗಿತ್ತು.

ಅಲ್ಲಿ ಇಳಿದವನೇ ಜನರನ್ನು ನೂಕಿಕೊಂಡು ನಮ್ಮ ಡಬ್ಬಿಗೆ ನುಗ್ಗಿದೆ. ಟವೆಲ್ ಇದೆ, ಅವ್ವ ಇಲ್ಲ, ಗಂಟುಗಳೂ ಇಲ್ಲ. ನಾನು ಒಂದು ಬಾಗಿಲಲ್ಲಿ ಹತ್ತುವಾಗ ಅವಳು ಇನ್ನೊಂದರಲ್ಲಿ ಇಳಿದಿದ್ದಳು! ರೈಲು ಆಗಲೇ ಅಲುಗುತ್ತಿತ್ತು. ಹಾರಿ, ಅವಳ ಗಂಟುಗಳ ಪಕ್ಕದಲ್ಲೇ ಹೋಗಿ ಬಿದ್ದೆ.

"ಲೇ, ನೀನು ಹಿಂದ್ಲಿಂದ ನಡ್ಕಂಡ್ ಬತ್ತೀಯ ಅಂತ ನಾನು ಇಳುದ್ರೆ, ನೀನ್ಯಾಕ್ಲಾ ರೈಲಿಂದ ಬೀಳ್ತಿದ್ದೀಯ?" ಎಂದಳು ಅವ್ವ.

ಮುಂದಿನ ಪ್ಯಾಸೆಂಜರ್ ಮರುದಿನ. ಅವ್ವ ಬುತ್ತಿ ಬಿಚ್ಚಲೇ ಇಲ್ಲ. "ನೀನೇನೋ ಸಿಕ್ದೆ. ಅವಳು ಅಲ್ಲಿ ಹೆಂಗವ್ಳೋ" ಎಂದು ಒಂದೇ ಸಲ ಹೇಳಿದಳು. ನನಗೆ ನಾಚಿಕೆಯಾಯಿತು, ಭಯವೂ ಆಯಿತು.

ನಾವು ಹೋಗಿ ಸೇರುವಷ್ಟರಲ್ಲಿ ಗೌರಿ ಹೆಣ್ಣುಮಗು ಹೆತ್ತು ಒಂದು ದಿನವಾಗಿತ್ತು. ಮೊದಲ ನೀರನ್ನು ಪಕ್ಕದ ಮನೆಯ ಹೆಂಗಸು ಹಾಕಿದ್ದಳು. ಅವ್ವ ಮಗುವನ್ನು ಮಡಿಲಿಗೆ ಹಾಕಿಕೊಂಡಳು. "ನಿನ್ನೆಯೆಲ್ಲ ಬಾಗ್ಲೇ ನೋಡ್ತಿದ್ದೆ ಕಣವ್ವ, ಯಾಕಿಷ್ಟು ತಡ?" ಎಂದಳು ಗೌರಿ. ನಾನು ನೆಲ ನೋಡಿದೆ.

"ರೈಲು ತಡ ಕಣಮ್ಮ. ಒಂದು ದಿನವೇ ತಡ ಮಾಡ್ಬುಡ್ತು, ಹಾಳಾದ್ದು" ಎಂದಳು ಅವ್ವ.

ಭಾವ ಅಲ್ಲೇ ನಿಂತಿದ್ದರು. ಹಿಂದಿನ ದಿನ ನಮ್ಮನ್ನು ಕರೆತರಲು ಹೋಗಿ, ಆ ರೈಲು ವೇಳೆಗೆ ಸರಿಯಾಗಿ ಬಂದದ್ದನ್ನು ಕಣ್ಣಾರೆ ಕಂಡವರು ಅವರು. ಅವ್ವನನ್ನು ನೋಡಿದರು, ನನ್ನನ್ನು ನೋಡಿದರು. "ಹೌದತ್ತೆ, ಈ ಕಡೆ ರೈಲುಗಳೇ ಹಾಗೆ" ಎಂದರು. ಅನ್ನ ಕೊಡುವ ರೈಲ್ವೆಯನ್ನೇ ನನ್ನ ಮಾನಕ್ಕಾಗಿ ಬಿಟ್ಟುಕೊಟ್ಟ ಆ ಮನುಷ್ಯನಿಗೆ ನಾನು ಕೈಮುಗಿಯಬೇಕಿತ್ತು. ಗಂಟಲು ಸರಿಮಾಡಿಕೊಂಡು, "ನಿಮ್ಮ ಇಲಾಖೆಯಲ್ಲಿ ಸ್ವಲ್ಪವಾದರೂ ಶಿಸ್ತು ಬೇಡವೇ ಭಾವ?" ಎಂದೆ.