ಕೆಂಪು ಬಾಳೆ, ಕಂಪ್ಯೂಟರು ಮತ್ತು ನನ್ನ ಷಡ್ಡಕ

ಹೊಟ್ಟೆಕಿಚ್ಚಿನಲ್ಲೂ ಮರ್ಯಾದಸ್ಥರ ಹೊಟ್ಟೆಕಿಚ್ಚು ಎಂಬುದೊಂದಿದೆ. ಇನ್ನೊಬ್ಬರ ಮನೆ, ಸ್ಕೂಟರು, ಪ್ರಮೋಷನ್ನು ಕಂಡು ಉರಿಯುವವರನ್ನು ಜನ ಅರ್ಥ ಮಾಡಿಕೊಳ್ಳುತ್ತಾರೆ. ನನ್ನದು ಹೇಳಿಕೊಳ್ಳಲೂ ನಾಚಿಕೆಯಾಗುವಂಥದ್ದು. ನಾಲ್ಕು ಜನ ಯಾರ ಹತ್ತಿರ ಹೋಗಿ ‘ಏನ್ ಮಾಡೋಣ್ರೀ?’ ಎಂದು ಕೇಳುತ್ತಾರೋ ಅವರನ್ನು ಕಂಡರೆ ನನಗಾಗುವುದಿಲ್ಲ. ಕಲಬುರಗಿಯ ಪತ್ರಿಕೆಯೊಂದರ ವರದಿಗಾರನಾಗಿ ನಾನು ದಿನವಿಡೀ ಊರವರನ್ನೆಲ್ಲ ಕೇಳುವವನು, ನನ್ನನ್ನು ಕೇಳುವವರಿಲ್ಲ. ಐವಾನ್-ಎ-ಶಾಹಿ ಕಡೆಯ ನಮ್ಮ ಬಾಡಿಗೆ ಮನೆಯಲ್ಲಿ ‘ಅನ್ನಕ್ಕಿಡ್ಲೋ, ರೊಟ್ಟಿ ಬಡೀಲೋ?’ ಎಂದು ಹೆಂಡತಿ ಶಾಂತಾ ಕೇಳುವುದುಂಟು. ನಾನು ಯೋಚಿಸಿ ಬಾಯಿ ತೆರೆಯುವಷ್ಟರಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತಿರುತ್ತದೆ.

ಈ ಉರಿಗೆ ಒಂದು ಹೆಸರೂ ಇದೆ: ಗುರುಲಿಂಗಪ್ಪ. ಶಾಂತಾಳ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ. ಕಮಲಾಪುರದಲ್ಲಿ ನಮ್ಮ ಮಾವನ ಮನೆಯ ಪಕ್ಕದ ಓಣಿಯಲ್ಲೇ ಇದ್ದಾರೆ. ಎಮ್ಮೆ ಹಾಲು ಕಡಿಮೆ ಮಾಡಿದರೆ ಗುರುಲಿಂಗಪ್ಪ, ಬಾವಿಯ ಮೋಟಾರು ಕೆಮ್ಮಿದರೆ ಗುರುಲಿಂಗಪ್ಪ, ಅತ್ತೆಯ ಹಲ್ಲು ನೋವಿಗೂ ಗುರುಲಿಂಗಪ್ಪ. ಒಮ್ಮೆ ಬಸ್ ದರ ಏರುತ್ತದೆಂದು ನಾನೇ ಬರೆದು ಅಚ್ಚಾದ ಸುದ್ದಿಯನ್ನು ಮಾವನಿಗೆ ಹೇಳಿದೆ. ‘ಹೌದ್ರೀ?’ ಎಂದು ಅವರು ತಿರುಗಿ ಗುರುಲಿಂಗಪ್ಪನವರ ಮುಖ ನೋಡಿದರು. ಆ ಮುಖ ಕೆಳಗೆ ಮೇಲೆ ಆದ ಬಳಿಕವೇ ಕಮಲಾಪುರದಲ್ಲಿ ಬಸ್ ದರ ಏರಿದ್ದು. ಎರಡೂ ಕಡೆಯ ಮಾತನ್ನು ಹಾಕುವುದು ನಮ್ಮ ಕಸುಬಿನ ನಿಯಮವಾದ್ದರಿಂದ ಹೇಳುತ್ತೇನೆ: ಅವರ ಸಲಹೆಗಳಲ್ಲಿ ಅರ್ಧ ಸರಿಯಾಗಿರುತ್ತಿದ್ದವು. ಉಳಿದರ್ಧವನ್ನು ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ, ನಾನೊಬ್ಬನನ್ನು ಬಿಟ್ಟು.

ಕಂಪ್ಯೂಟರಿನ ಕೋಣೆಗೆ ಚಪ್ಪಲಿ ಕಳಚಿ ಹೋಗುತ್ತಿದ್ದ ಕಾಲ ಅದು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಮೋಮಿನಪುರದ ಖಲೀಲ್ ಸಾಹೇಬರು ‘ಎಕ್ಸ್‌ಪರ್ಟ್ ಸಿಸ್ಟಮ್’ ಎಂಬುದನ್ನು ತಯಾರಿಸಿದ್ದಾರೆ, ಓದುಗರಿಗೆ ತಿಳಿಯುವಂತೆ ಬರಿ ಎಂದು ಸಂಪಾದಕರು ನನ್ನನ್ನು ಕಳಿಸಿದರು. ಚಪ್ಪಲಿ ಬಿಟ್ಟು ಕುಳಿತೆ. ‘ಭಾಳ ಸೀದಾ ಅದ ಭಾಯಿ’ ಎಂದರು ಸಾಹೇಬರು. ‘ಒಬ್ಬ ತಜ್ಞನ ಮುಂದ ಕೂಡೋದು. ಹಿಂಗಿದ್ರ ಏನ್ ಮಾಡ್ತೀರಿ, ಹಂಗಿದ್ರ ಏನ್ ಮಾಡ್ತೀರಿ ಅಂತ ಕೇಳೋದು. ಅವಾ ಹೇಳಿದ್ದೆಲ್ಲಾ “ಹಿಂಗಿದ್ರ ಹಂಗ” ಅಂತ ನಿಯಮ ಮಾಡಿ ಒಳಗ ಹಾಕೋದು. ಆಮ್ಯಾಲ ನೀವು ಕೇಳಿದ್ರ ಮಷೀನು ನಿಮಗ ತಿರುಗಿ ಪ್ರಶ್ನಿ ಕೇಳ್ತದ. ನಿಮ್ಮ ಜವಾಬು ಯಾವ ನಿಯಮಕ್ಕ ಕೂಡ್ತದ ನೋಡಿ, ಒಂದರಿಂದ ಇನ್ನೊಂದಕ್ಕ ಹೋಗಿ, ಕಡೀಕ ತೀರ್ಮಾನ ಹೇಳ್ತದ.’

‘ಯಾಕೆ ಹಾಗೆ ಅಂತ ಕೇಳಿದರೆ?’

‘ಅದನ್ನೂ ಹೇಳ್ತದ! ಯಾವ ನಿಯಮ ಹಿಡಿದು ಹೇಳ್ದೆ ಅಂತ ತೋರಿಸ್ತದ. ತಜ್ಞ ಇಲ್ದಾಗೂ ಅವನ ಇಲ್ಮು, ಅವನ ತಿಳಿವಳಿಕಿ ಉಳೀತದ.’

ತಜ್ಞ ಇದ್ದಾಗಲೇ ಬಳಸಬಹುದೇ ಎಂದು ನಾನು ಸ್ವಲ್ಪ ಆತುರದಿಂದಲೇ ಕೇಳಿರಬೇಕು. ಸಾಹೇಬರು ಚಹಾದ ಬಸಿ ಕೆಳಗಿಟ್ಟು ನನ್ನನ್ನು ನೋಡಿದರು. ಯಾಕೆಂದರೆ ಕಾರಣ ಹೇಳುವ ತಜ್ಞನೊಬ್ಬ, ಯಂತ್ರವೇ ಆಗಲಿ, ನನಗೆ ಜೀವನದಲ್ಲಿ ಸಿಕ್ಕಿದ್ದು ಅದೇ ಮೊದಲು. ಅವರ ಯಂತ್ರದೊಳಗೆ ಇದ್ದದ್ದು ಬಾಳೆಯ ಬೇಸಾಯ. ಕಮಲಾಪುರದ ಸಂತೆಯ ದಿನ ರೈತರಿಗೆ ತೋರಿಸಲಿದ್ದರು. ಅದೇ ಸಂತೆಯ ಮುಂದಿನ ವಾರ ಶಾಂತಾಳ ಕೊನೆಯ ತಂಗಿಯ ನಿಶ್ಚಿತಾರ್ಥ. ಗಂಡಿನ ಕಡೆಯವರ ಮುಂದೆ ಮನೆಯ ತೋಟದ ಕೆಂಪು ಬಾಳೆಹಣ್ಣು ಇಡಬೇಕೆಂಬುದು ಮಾವನ ಹಟ. ಗೊನೆ ಯಾವತ್ತು ಕಡಿದರೆ ಆ ಹೊತ್ತಿಗೆ ಸರಿಯಾಗಿ ಹಣ್ಣಾಗುತ್ತದೆ? ಈ ಪ್ರಶ್ನೆ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿತ್ತು. ಅದಕ್ಕೂ ಮೊದಲೇ ಮಾವನನ್ನು ಯಂತ್ರದ ಮುಂದೆ ಕೂರಿಸಿದರೆ ಗುರುಲಿಂಗಪ್ಪನವರ ಗದ್ದುಗೆ ಅಲುಗಾಡುತ್ತದೆ. ಅಲುಗಾಡಿಸಿದ ಕೀರ್ತಿ ನನ್ನದು.

‘ನಿಮಗ್ಯಾಕ ಬೇಕ್ರಿ ಈ ಉಸಾಬರಿ?’ ಎಂದು ಶಾಂತಾ ಕಮಲಾಪುರದ ಬಸ್ಸಿನಲ್ಲೇ ಎಚ್ಚರಿಸಿದ್ದಳು.

ಸಂತೆಯಲ್ಲಿ ಶಾಮಿಯಾನದ ಕೆಳಗೆ, ಮೇಜಿನ ಮೇಲೆ ಕಂಪ್ಯೂಟರು. ಮಾವ ಕುರ್ಚಿಯಲ್ಲಿ, ಅವರ ಹೆಗಲ ಹಿಂದೆ, ಯಾರೂ ಕರೆಯದಿದ್ದರೂ, ಗುರುಲಿಂಗಪ್ಪ. ಪರದೆಯ ಇಂಗ್ಲಿಷನ್ನು ಸಾಹೇಬರು ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ‘ಕಾಯಿ ದುಂಡಗಾಗ್ಯಾವೋ, ಇನ್ನಾ ಏಣು ಕಾಣ್ತಾವೋ?’ ಮಾವ ಹಿಂದೆ ತಿರುಗಿದರು. ‘ಮಾವಾ, ಅದು ನಿಮ್ಮನ್ನ ಕೇಳಿದ್ದು’ ಎಂದೆ. ದುಂಡಗಾಗಿವೆ ಎಂದರು. ಸಾಹೇಬರು ಕೀಲಿ ಒತ್ತಿದರು. ಯಂತ್ರ ಒಪ್ಪಿತು. ನನ್ನ ಎದೆ ಉಬ್ಬಿತು.

‘ಬಣ್ಣ ಯಾವ್ದು? ಒಂದು, ಹಸರು. ಎರಡು, ಹಳದಿ.’

‘ಕೆಂಪು’ ಎಂದರು ಮಾವ.

ಸಾಹೇಬರು ಪರದೆ ನೋಡಿದರು, ಮಾವನನ್ನು ನೋಡಿದರು. ‘ಕೆಂಪು ಇಲ್ರೀ ಇದರಾಗ.’

‘ನಮ್ಮ ಬಾಳಿ ಕಾಯಿದ್ದಾಗೂ ಕೆಂಪು, ಹಣ್ಣಾದಾಗೂ ಕೆಂಪು. ಇಲ್ಲ ಅಂದ್ರ ಹ್ಯಾಂಗ?’

ಸಾಹೇಬರು ಯಾರಿಂದ ಬಾಳೆ ಕಲಿತಿದ್ದರೋ ಆ ತಜ್ಞರು ಕೆಂಪು ಬಾಳೆ ಬೆಳೆಯದ ಸೀಮೆಯವರು. ಅವರು ಹೇಳದ್ದು ಯಂತ್ರಕ್ಕೆ ಗೊತ್ತಿಲ್ಲ. ‘ಕಮಲಾಪುರಕ್ಕ ಬಂದು ಕೆಂಪು ಇಲ್ಲಂತದಲ್ಲೋ ತಮ್ಮಾ, ಎಲ್ಲಿಂದ ಹಿಡಕೊಂಡು ಬಂದ್ಯೋ ಇದನ್ನ!’ ಎಂದು ಗುರುಲಿಂಗಪ್ಪ ನನ್ನ ಬೆನ್ನು ತಟ್ಟಿದರು. ನೆರೆದವರು ನಕ್ಕರು. ಸಾಹೇಬರು ‘ಎರಡೂ ಅಲ್ಲ’ ಎಂದು ಏನನ್ನೋ ಒತ್ತಿದರು. ಪರದೆಯ ಮೇಲೆ ಒಂದು ಸಾಲು ಮೂಡಿತು.

‘ಏನಂತದ್ರೀ?’ ಎಂದರು ಮಾವ.

‘ನನಗ ತಿಳೀವಲ್ದು, ತಜ್ಞರನ್ನ ಕೇಳ್ರಿ ಅಂತದ.’

ಶಾಮಿಯಾನದ ಅಷ್ಟೂ ತಲೆಗಳು ಗುರುಲಿಂಗಪ್ಪನವರ ಕಡೆ ತಿರುಗಿದವು. ಖಲೀಲ್ ಸಾಹೇಬರದೂ. ನನ್ನದು ತಿರುಗಲಿಲ್ಲ ಎಂದು ಬರೆದರೆ ಸುಳ್ಳು ವರದಿಯಾಗುತ್ತದೆ. ಅವರು ಕಣ್ಣು ಮುಚ್ಚಿ, ತೆರೆದು, ‘ಸ್ವಾಮಾರ ಕಡೀರಿ’ ಎಂದರು.

‘ಯಾಕೆ ಸೋಮವಾರ?’ ನಾನು ಬಿಡಲಿಲ್ಲ.

‘ಯಾಕಂದ್ರ? ನಾ ಹೇಳಾಕತ್ತೀನಲ್ಲ!’

ಸೋಮವಾರ ಕಡಿದರು, ಹುಲ್ಲಿನಲ್ಲಿಟ್ಟರು. ನಿಶ್ಚಿತಾರ್ಥದ ದಿನ ಗಂಡಿನ ಸೋದರಮಾವ ಮೊದಲ ಹಣ್ಣಿನ ಸಿಪ್ಪೆಯೊಂದಿಗೆ ಬಹಳ ಹೊತ್ತು ಹೋರಾಡಿ, ಒಂದು ತುತ್ತು ಕಚ್ಚಿ, ಅದನ್ನು ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸಿದರು. ಇನ್ನೂ ಹಣ್ಣಾಗಿರಲಿಲ್ಲ, ಹಸಿ ಬದನೆಕಾಯಿ ಕಚ್ಚಿದಂತಿತ್ತು. ಮೂಲೆಯಲ್ಲಿ ಕುಳಿತು ಅದೇ ಗೊನೆಯ ಇನ್ನೊಂದನ್ನು ನಾನು ಪೂರ್ತಿ ತಿಂದೆ. ಅಷ್ಟು ರುಚಿಯಾದ ಬಾಳೆಹಣ್ಣನ್ನು ಮತ್ತೆ ತಿಂದಿಲ್ಲ. ಈಗ ಗುರುಲಿಂಗಪ್ಪನವರಿಗೆ ಬೈಗುಳ ಬರುತ್ತದೆ ಎಂದು ಮಾವನ ಬಾಯಿಯನ್ನೇ ನೋಡುತ್ತಿದ್ದೆ.

‘ಗುರುಲಿಂಗಪ್ಪ ಹೇಳಿದ್ದು ಬರೋಬ್ಬರಿನೇ ಅದ’ ಎಂದರು ಮಾವ ಬೀಗರಿಗೆ. ‘ಈ ಸಲ ಹಣ್ಣೇ ತಪ್ಪ್ಯಾದ.’

ಬೀಗರು ತಲೆಯಾಡಿಸಿದರು. ಹಣ್ಣಿನ ಪರವಾಗಿ ಯಾರೂ ಮಾತಾಡಲಿಲ್ಲ.

ಊಟ ಮುಗಿದು ಎಲೆ ಅಡಿಕೆಯ ಹೊತ್ತಿಗೆ ಮಾವ ನನ್ನ ಪಕ್ಕಕ್ಕೆ ಬಂದು ಕುಳಿತರು. ‘ಅಳಿಯಾರ, ನಿಮಗೊಂದು ಮಾತು ಕೇಳಬೇಕಾಗ್ಯಾದ.’ ಮದುವೆಯಾದಾಗಿನಿಂದ ಈ ವಾಕ್ಯಕ್ಕೆ ಕಾದವನು ನಾನು. ಬಾಯಲ್ಲಿದ್ದ ಅಡಿಕೆಯನ್ನು ಹಾಗೆಯೇ ನುಂಗಿದೆ. ‘ಕೇಳ್ರಿ ಮಾವಾ.’

‘ಆ ಸಾಹೇಬರ ಮಷೀನಿನ್ಯಾಗ ನಮ್ಮ ಗುರುಲಿಂಗಪ್ಪನ್ನ ಹಾಕ್ಲಾಕ ಬರ್ತದೇನ್ರೀ?’

ನಾನು ಖಲೀಲ್ ಸಾಹೇಬರಿಂದ ಕಲಿತದ್ದನ್ನೆಲ್ಲ ಕ್ರಮವಾಗಿ ವಿವರಿಸಿದೆ: ಪ್ರಶ್ನೆ ಕೇಳುವುದು, ನಿಯಮ ಮಾಡುವುದು, ಕಾರಣ ತೋರಿಸುವುದು. ಬರುತ್ತದೆ ಎಂದೆ. ಮಾವ ಗಮನವಿಟ್ಟು ಕೇಳಿದರು. ಆಮೇಲೆ ಅಂಗಳದ ಆಚೆ ಕೈ ತೊಳೆಯುತ್ತಿದ್ದ ಗುರುಲಿಂಗಪ್ಪನವರ ಕಡೆ ತಿರುಗಿ ಕೂಗಿದರು:

‘ಬರ್ತದಂತ್ರೀ. ಖರೇ ಏನು?’

ಅವರು ತಂಬಿಗೆ ಕೆಳಗಿಟ್ಟು, ಕಣ್ಣು ಮುಚ್ಚಿ ತೆರೆದು, ‘ಬರ್ತದ’ ಎಂದರು.

‘ಹಂಗಾರ ಬರ್ತದ ಬಿಡ್ರಿ’ ಎಂದು ಮಾವ ಸಮಾಧಾನದಿಂದ ಎದ್ದು ಹೋದರು. ಆ ಮನೆಯಲ್ಲಿ ನಾನು ಹೇಳಿದ ಮಾತೊಂದು ತಜ್ಞರ ಒಪ್ಪಿಗೆ ಪಡೆದು ನಿಂತಿದೆ. ಹೊಟ್ಟೆ ಉರಿಯುತ್ತಿದ್ದರೂ, ಆದದ್ದನ್ನು ಆದಂತೆ ದಾಖಲಿಸುವುದು ನನ್ನ ಕೆಲಸ.