ಇಂಗ್ಲೆಂಡಿನವನ ಇಂಗ್ಲಿಷು

ನನ್ನ ಇಂಗ್ಲಿಷಿಗೆ ಒಂದು ವಿಚಿತ್ರ ಗುಣವಿದೆ. ಎದುರಿನವರಿಗೂ ಅದು ಅಷ್ಟಕ್ಕಷ್ಟೇ ಬರುತ್ತಿದ್ದರೆ ಸಲೀಸಾಗಿ ಓಡುತ್ತದೆ. ಚೆನ್ನಾಗಿ ಬಲ್ಲವರು ಸಿಕ್ಕರೆ ಅಲ್ಲೇ ಕೂತುಬಿಡುತ್ತದೆ. ಒಮ್ಮೆ ಹೆದ್ದಾರಿಯಲ್ಲಿ ಲಾರಿ ಕೆಟ್ಟು ನಿಂತ ಮಲಯಾಳಿ ಚಾಲಕನೊಬ್ಬ ನನ್ನನ್ನು ತಡೆದು, “ಬ್ರೇಕ್ ಸಿಕ್. ಡಾಕ್ಟರ್ ವೇರ್?” ಎಂದಿದ್ದ. ನಾನು ಅವನನ್ನು ಆಸ್ಪತ್ರೆಗಲ್ಲ, ನೇರ ಗ್ಯಾರೇಜಿಗೆ ಕಳಿಸಿದೆ. ಇದಕ್ಕಿಂತ ಒಳ್ಳೆಯ ಇಂಗ್ಲಿಷ್ ಯಾವುದಿದೆ ಹೇಳಿ?

ಮಾಗೋಡು ಜಲಪಾತ ನೋಡಲು ಬರುವವರಿಗೆಂದು ನಾನೂ ನನ್ನ ಹೆಂಡತಿ ಸಾವಿತ್ರಿಯೂ ಯಲ್ಲಾಪುರದ ಹೊರಗೆ ಕೆಲವು ಕೋಣೆಗಳನ್ನು ಬಾಡಿಗೆಗೆ ಕೊಡುತ್ತೇವೆ. ಈ ಸಲ ಜಪಾನಿನ ನಿವೃತ್ತ ಮೇಷ್ಟ್ರೊಬ್ಬರು, ಇಟಲಿಯ ಹುಡುಗಿಯೊಬ್ಬಳು ಬಂದಿದ್ದರು. ತಿಂಡಿಗೆ ಕೂತೆವೆಂದರೆ ನಮ್ಮ ಮೂವರ ಇಂಗ್ಲಿಷಿಗೂ ಲಂಗುಲಗಾಮು ಇರುತ್ತಿರಲಿಲ್ಲ. “ಯೆಸ್ಟರ್‌ಡೇ ಐ ಗೋ ಫಾಲ್ಸ್. ಫಾಲ್ಸ್ ಬಿಗ್, ಐ ಸ್ಮಾಲ್,” ಎನ್ನುತ್ತಿದ್ದರು ಮೇಷ್ಟ್ರು. “ಐ ಸೀ, ಐ ಕ್ರೈ,” ಎನ್ನುತ್ತಿದ್ದಳು ಹುಡುಗಿ. ತಟ್ಟೆಗೆ ಕಬ್ಬಿನ ಹಾಲಿನ ತೊಡದೇವು ಬಂದು, ಅದೇನೆಂದು ಅವರು ಕೇಳಿದಾಗ ನಾನು, “ಶುಗರ್ ಪೇಪರ್. ನೋ ರೀಡ್, ಈಟ್,” ಎಂದೆ. ಇಬ್ಬರಿಗೂ ತಟ್ಟನೆ ಅರ್ಥವಾಯಿತು, ತಟ್ಟೆಯೂ ಖಾಲಿಯಾಯಿತು.

ಅಷ್ಟರಲ್ಲಿ ಸಾಕ್ಷಾತ್ ಇಂಗ್ಲೆಂಡಿನವನೇ ಬಂದ.

ಬಂದ ಮರುದಿನ ಬೆಳಿಗ್ಗೆ ಕಾಡಿನಲ್ಲಿ ಸುತ್ತಾಡಿ ಬಂದವನು ನಮ್ಮ ಮೇಜಿನ ಹತ್ತಿರ ನಿಂತು, ತುಟಿಯನ್ನೂ ಸರಿಯಾಗಿ ತೆರೆಯದೆ, ಉದ್ದನೆಯ ವಾಕ್ಯವೊಂದನ್ನು ಹೇಳಿದ. ನಮ್ಮ ಕಿವಿಗೆ ಬಿದ್ದದ್ದು ‘ಸಾರಿ’ ಮತ್ತು ‘ಲೆಗ್’ ಮಾತ್ರ.

“ಹೀ ಸಾರಿ,” ಎಂದು ಮೇಷ್ಟ್ರು ವಿವರಿಸಿದರು. “ನೋ ಪ್ರಾಬ್ಲಂ!” ಎಂದು ಮೂವರೂ ಅವನನ್ನು ಕ್ಷಮಿಸಿದೆವು. ಅವನು ಮತ್ತೊಮ್ಮೆ ಹೇಳಿದ, ಇನ್ನೂ ವಿನಯದಿಂದ, ಆದ್ದರಿಂದ ಇನ್ನೂ ಉದ್ದವಾಗಿ.

“ಲೆಗ್. ಹೀ ವಾಂಟ್ ವಾಕ್,” ಎಂದಳು ಹುಡುಗಿ. ನಾನು ಉತ್ಸಾಹದಿಂದ ಜಲಪಾತದ ದಾರಿ ಹೇಳತೊಡಗಿದೆ.

ಅಡುಗೆಮನೆಯಿಂದ ಸಾವಿತ್ರಿ ಇಣುಕಿ, “ಅಂವ ಎಂತ ಹೇಳ್ತಾ ಇದ್ದ?” ಎಂದಳು.

“ಫಾಲ್ಸ್ ನೋಡವಡ, ದಾರಿ ಕೇಳ್ತಾ ಇದ್ದ.”

“ಮತ್ತೆ ಮುಖ ಎಂತಕ್ಕೆ ಬೆಳ್ಳಗಾಯ್ದು?”

“ಅವರ ಬದಿ ಎಲ್ಲರದ್ದೂ ಬೆಳ್ಳಗೇ ಇರ್ತು.”

ಕೊನೆಗೆ ಪಾಪ, ಆತ ಮಾತಿನ ಆಸೆ ಬಿಟ್ಟು ಪ್ಯಾಂಟನ್ನು ಮೇಲಕ್ಕೆತ್ತಿದ. ಮೊಣಕಾಲಿನ ಕೆಳಗೆ ಇಂಬಳಗಳು ರಕ್ತ ಕುಡಿದು, ದ್ರಾಕ್ಷಿಗೊಂಚಲಿನಂತೆ ಉಬ್ಬಿ ತೂಗುತ್ತಿದ್ದವು! ಮೇಷ್ಟ್ರು ಜಪಾನಿಯಲ್ಲಿ, ಹುಡುಗಿ ಇಟಾಲಿಯನ್ನಿನಲ್ಲಿ, ನಾನು ಕನ್ನಡದಲ್ಲಿ ಒಟ್ಟಿಗೇ ಕೂಗಿಕೊಂಡೆವು. ಯಾರಿಗೂ ಯಾವುದನ್ನೂ ಅನುವಾದಿಸಿ ಹೇಳಬೇಕಾಗಲಿಲ್ಲ. ಸಾವಿತ್ರಿ ಉಪ್ಪಿನ ಭರಣಿಯನ್ನೇ ಹೊತ್ತು ತಂದಳು. ಅವಳು ಉಪ್ಪು ಹಾಕುತ್ತಿದ್ದರೆ ನಾನು ಅವನ ಕಾಲು ಹಿಡಿದುಕೊಂಡು, “ನೋ ಡೈ, ನೋ ಡೈ,” ಎಂದು ಧೈರ್ಯ ತುಂಬುತ್ತಿದ್ದೆ.

ಇಂಬಳ ಉದುರಿ, ಕಾಫಿ ಒಳಗೆ ಹೋದ ಮೇಲೆ ಆತನ ಮುಖಕ್ಕೆ ಕಳೆ ಬಂತು. ನನ್ನ ಭುಜದ ಮೇಲೆ ಕೈಯಿಟ್ಟು ಮನಸಾರೆ ಏನನ್ನೋ ಹೇಳಿದ. ನಾನು ಗಂಭೀರವಾಗಿ ತಲೆಯಾಡಿಸಿ, ಆತ ಕೋಣೆಗೆ ಹೋಗುವುದನ್ನೇ ಕಾದು ಮೇಷ್ಟ್ರ ಕಡೆ ತಿರುಗಿದೆ.

“ವಾಟ್ ಹೀ ಸೇ?”

ಮೇಷ್ಟ್ರು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು.

“ಹೀ ಸೇ, ಯುವರ್ ಇಂಗ್ಲಿಷ್ ವೆರಿ ಗುಡ್.”

ಅದನ್ನು ನಾನು ಸಾವಿತ್ರಿಗೆ ಕನ್ನಡದಲ್ಲಿ, ಸ್ವಲ್ಪ ವಿಸ್ತರಿಸಿಯೇ ಹೇಳಿದೆ.