ಅವರ ಕಾರ್ಡಿನಲ್ಲಿ ನಾನು ಓದಿದ್ದು

ಮಕ್ಕಳೇ, ಅಜ್ಜಿಗೆ ಅನುಮಾನ ಜಾಸ್ತಿ ಎಂದು ನೀವು ನಗುವುದು ನನಗೆ ಗೊತ್ತು. ಹಾಲಿನವಳು ನಕ್ಕು ಮಾತಾಡಿಸಿದರೆ ಹಾಲಿಗೆ ನೀರು ಬಿದ್ದಿದೆ ಎಂದೇ ತಿಳಿಯುವವಳು ನಾನು. ಕದ್ದು ಓದುವವರಿಗೆ ಈ ಗುಣ ತಾನಾಗಿ ಬರುತ್ತದೆ. ನಿಮ್ಮ ತಾತ ತೀರಿಕೊಂಡ ಮೇಲೆ ಎರಡು ವರ್ಷ ನಾನು ಬೇಲೂರಿನ ಲೈಬ್ರರಿಯಿಂದ ಅವರ ಕಾರ್ಡಿನಲ್ಲೇ ಪುಸ್ತಕ ತರಿಸಿ ಓದಿದೆ. ಆಗ ಪುಸ್ತಕಗಳೆಲ್ಲ ಬೀರುವಿನಲ್ಲಿ, ಬೀಗದೊಳಗೆ. ಚೀಟಿ ಕಳಿಸಿದರೆ ಲೈಬ್ರರಿ ಮೇಷ್ಟ್ರು ಬೀಗ ತೆಗೆದು ಒಂದನ್ನು ಕೊಡುವರು. ಚೀಟಿ ಬರೆಯುವವಳು ನಾನು, ದೇವಸ್ಥಾನಕ್ಕೆ ಹೋಗುವಾಗ ಒಯ್ಯುವವರು ನಮ್ಮತ್ತೆ. ಅವರಿಗೆ ಓದು ಬಾರದು. ಕಾರ್ಡಿನ ಮೇಲೆ ಯಾರ ಹೆಸರಿದೆ ಎಂಬುದೂ ತಿಳಿಯದು ಎಂದುಕೊಂಡಿದ್ದೆ.

ಒಂದು ದಿನ ಅತ್ತೆ ಬರಿಗೈಯಲ್ಲಿ ಬಂದರು. "ಬೀರು ಬೀಗ ಎಲ್ಲಾ ತೆಗೆದುಬಿಟ್ಟಿದಾರೆ ಕಣೇ. ಇನ್ಮೇಲೆ ಓದೋರೇ ಬಂದು ಆರಿಸ್ಕೋಬೇಕಂತೆ" ಎಂದರು. ಓದುವವರು ಹೋಗಿ ಎರಡು ವರ್ಷ! ಇದು ನನ್ನನ್ನು ಹಿಡಿಯಲು ಹೂಡಿದ ಉಪಾಯ ಎಂದು ತೀರ್ಮಾನಿಸಿದೆ. ಒಬ್ಬಳನ್ನು ಹಿಡಿಯಲು ಅಷ್ಟೂ ಬೀರುಗಳ ಬೀಗ ತೆಗೆಸುತ್ತಾರೆಯೇ ಎಂದು ಹೊಳೆಯಲಿಲ್ಲ. ಕಾರ್ಡು ಹೋದರೆ ಓದೂ ಹೋಯಿತು. ಗೆಂಡೆಹಳ್ಳಿಯ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿಗೇ ನಿಂತವಳಿಗೆ ಉಳಿದದ್ದು ಅದೊಂದೇ.

ವಾರ ತಡೆದೆ. ಆಮೇಲೆ ಸೆರಗು ಹೊದ್ದು ಅತ್ತೆಯ ಬೆನ್ನ ಹಿಂದೆ ಅಡಗಿಕೊಂಡೇ ಹೋದೆ. ಮೇಷ್ಟ್ರ ಪಾಡು ನನಗಿಂತ ಕಡೆ. ಬೀಗ ಹೋಗಿದ್ದರೂ ಬೀಗದ ಕೈ ಗೊಂಚಲು ಸೊಂಟದಲ್ಲೇ ಇತ್ತು. ಯಾರಾದರೂ ಪುಸ್ತಕ ಮುಟ್ಟಿದರೆ ಕುರ್ಚಿಯಿಂದ ಅರ್ಧ ಏಳುವರು, ಹೊಸ ಪದ್ಧತಿ ನೆನಪಾಗಿ ಕೂರುವರು. ನನ್ನನ್ನು ಕಂಡು ಖಾಲಿ ಕಾರ್ಡೊಂದನ್ನು ತೆಗೆದರು.

"ಹೆಸರು ಹೇಳಮ್ಮ. ರಾಯರು ಹೋದ್ಮೇಲೂ ಪುಟದ ಮೇಲೆ ಒಗ್ಗರಣೆ ಎಣ್ಣೆ ಬರ್ತಿತ್ತು, ನಂಗೆ ಗೊತ್ತಾಗಲ್ವಾ? ಹಳೇ ಕಾರ್ಡು ಕೊಡಿ, ರದ್ದು ಮಾಡ್ತೀನಿ."

ಅತ್ತೆ ಕಾರ್ಡು ಬಿಡಲಿಲ್ಲ.

"ಮನೇಲಿ ಯಾರೂ ನನ್ನ ಮಗನ ಹೆಸರೆತ್ತಲ್ಲ ಕಣ್ರೀ. ನೀವು ಕಾರ್ಡು ನೋಡಿ ಜೋರಾಗಿ ಓದ್ತಿದ್ರಲ್ಲ, ಅದನ್ನ ಕೇಳೋಕ್ಕೇ ನಾನು ಬರ್ತಿದ್ದೆ."

ಮೇಷ್ಟ್ರು ಖಾಲಿ ಕಾರ್ಡಿನ ಮೇಲೆ ನನ್ನ ಹೆಸರು ಕೇಳಿ ಬರೆದುಕೊಟ್ಟರು. ಆಮೇಲೆ ಅತ್ತೆಯ ಕೈಯಲ್ಲಿದ್ದ ಹಳೇ ಕಾರ್ಡಿನ ಹೆಸರನ್ನು ಎಂದಿನಂತೆ ಜೋರಾಗಿ ಓದಿ, ರಿಜಿಸ್ಟರು ತೆರೆದು, "ಇದರಲ್ಲೂ ಒಂದು ತಗೊಳ್ಳಿ" ಎಂದರು. ಅತ್ತೆ ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ತುಂಬಿತ್ತು, ಸುಳ್ಳಲ್ಲ. ಆದರೆ ಆ ಒದ್ದೆ ಕಣ್ಣಲ್ಲೇ ನಾನು ಎರಡನೆಯ ಪುಸ್ತಕ ಹುಡುಕುತ್ತಿದ್ದೆ, ದಪ್ಪನೆಯದು.